ಬಣ್ಣದಕ್ಕ ಮುಖ ತೊಳೆದ ದಿನ

ಬಣ್ಣದಕ್ಕನ ನಿಜವಾದ ಹೆಸರೇನು ಅಂತ ಅವಳ ಬೀದಿಯಲ್ಲಿ ಕೇಳಿ ನೋಡಿ, ಅರ್ಧಕ್ಕರ್ಧ ಜನ ತಬ್ಬಿಬ್ಬಾಗುತ್ತಾರೆ. ಅಂಚೆಯವನ ಕೈಯಲ್ಲಿರುವ ಲಕೋಟೆಯ ಮೇಲೆ ಯಾವ ಹೆಸರಾದರೂ ಇರಲಿ, ಅವನು ಬಾಗಿಲಲ್ಲಿ ನಿಂತು ಕೂಗುವುದು ಬಣ್ಣದಕ್ಕಾ ಅಂತಲೇ. ಊರಿನ ಹಳೇ ನಾಟಕ ಮಂದಿರದಲ್ಲಿ ಪಾತ್ರಧಾರಿಗಳಿಗೆ ಬಣ್ಣ ಹಚ್ಚುವುದು ಅವಳ ಕಸುಬು. ಹುಡುಗಿಯಾಗಿದ್ದಾಗ ಮಂದಿರದ ನೆಲ ಒರೆಸಲು ಹೋದವಳು, ಒರೆಸುತ್ತಾ ಒರೆಸುತ್ತಾ ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳಂತೆ. ಅಲ್ಲಿದ್ದ ಮೇಕಪ್ಪಿನ ಮೇಷ್ಟ್ರು ಒಂದು ದಿನ ರೋಸಿಹೋಗಿ, ನೊಣ ಹೋದೀತು ಬಾಯಿ ಮುಚ್ಚು, ಒಳಗೆ ಬಂದು ಈ ಡಬ್ಬಿ ಹಿಡಕೋ ಅಂದರು. ಆ ಡಬ್ಬಿ ಹಿಡಿದ ಕೈ ಮುಂದೆ ಆ ಕೋಣೆಯನ್ನೇ ಹಿಡಿಯಿತು.

ಆ ಮೇಷ್ಟ್ರು ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಒಂದೇ. ಯಾವ ಬಣ್ಣವೇ ಬರಲಿ, ಹೊಸ ಡಬ್ಬಿ ಒಡೆದಾಗ ಮೊದಲು ನಿನ್ನ ಮುಖಕ್ಕೆ ಹಚ್ಚು. ಕಚ್ಚುವುದಿದ್ದರೆ ನಿನ್ನನ್ನೇ ಕಚ್ಚಲಿ, ಪಾತ್ರಧಾರಿಯ ಮುಖ ಅವನ ಅನ್ನ, ಅದಕ್ಕೆ ಏನೂ ಆಗಬಾರದು. ಬಣ್ಣದಕ್ಕ ಈ ಪಾಠವನ್ನು ವ್ರತದ ಹಾಗೆ ಹಿಡಿದಳು. ಹೊಸ ಡಬ್ಬಿ ಅಂತ ಶುರುವಾದದ್ದು ದಿನಾ ಆಯಿತು, ದಿನಾ ಅಂದದ್ದು ಅಭ್ಯಾಸವಾಯಿತು. ಅಭ್ಯಾಸ ಆಮೇಲೆ ಶೋಕಿಯಾಯಿತು ಅಂದರೂ ಸುಳ್ಳಲ್ಲ. ಬೆಳಗಾಗೆದ್ದು ಹಾಲು ತರಲು ಹೋಗಬೇಕಾದರೂ ಕೆನ್ನೆಗೆ ನಸುಗೆಂಪು, ಕಣ್ಣಿಗೆ ಕಾಡಿಗೆ, ತುಟಿಗೆ ರಂಗು. ಅಕ್ಕಪಕ್ಕದವರು ಮೂಗು ಮುರಿದರು, ಮುರಿದೂ ಮುರಿದೂ ಸುಸ್ತಾಗಿ ಬಿಟ್ಟರು. ಅವಳ ಯಜಮಾನರು ಬಸ್ ಡ್ರೈವರು, ಮಾತು ಕಮ್ಮಿ. ಆದರೂ ನೆಂಟರು ಸೇರಿದಾಗ ಒಂದು ಕಥೆ ತಪ್ಪದೆ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲ ಹತ್ತಿರ ಯಾರೋ ಅಪರಿಚಿತ ಹೆಂಗಸು ನಿಂತಿದ್ದಳಂತೆ, ಇವರು ಗಾಬರಿಯಾಗಿ, ಯಾರು ಬೇಕಾಗಿತ್ತಮ್ಮಾ ಅಂತ ಕೇಳಿದರಂತೆ. ಪ್ರತಿ ಸಲವೂ ಬಣ್ಣದಕ್ಕ ಟವಲ್ಲು ತೆಗೆದು ಅವರ ಬೆನ್ನಿಗೆ ಬಾರಿಸುತ್ತಿದ್ದಳು, ಪ್ರತಿ ಸಲವೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.

ಇನ್ನು ಡಾಕ್ಟರ ವಿಷಯ. ಬೀದಿಯ ಮೂಲೆಯಲ್ಲಿ ಅವರ ದವಾಖಾನೆ. ಎರಡು ಬೆಂಚು, ಒಂದು ಹಸಿರು ಪರದೆ, ಎಲ್ಲರನ್ನೂ ಒಂದಿಷ್ಟು ಜಾಸ್ತಿಯೇ ತೂಗುವ ಒಂದು ತೂಕದ ಯಂತ್ರ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದನ್ನು ಕೇಳಿ ನೀವು ಅವರನ್ನು ರಾಕ್ಷಸ ಅಂದುಕೊಳ್ಳಬಾರದು. ಬಣ್ಣದಕ್ಕನ ಮಗಳು ಚಿಕ್ಕವಳಿದ್ದಾಗ ನ್ಯುಮೋನಿಯಾ ಆಗಿ ಉಸಿರಿಗೆ ಒದ್ದಾಡುತ್ತಿದ್ದಾಗ, ಮನೆಗೇ ಬಂದು ಹಾಸಿಗೆಯ ಪಕ್ಕ ಮಣೆ ಹಾಕಿಕೊಂಡು ಕೂತು ಆ ಮಗುವನ್ನು ಉಳಿಸಿಕೊಟ್ಟವರು ಅವರು. ಆ ಋಣವನ್ನು ಬಣ್ಣದಕ್ಕ ಒಂದು ದಿನವೂ ಮರೆತವಳಲ್ಲ. ಜೊತೆಗೆ ಡಾಕ್ಟರಿಗೆ ನಾಟಕದ ಹುಚ್ಚು ಬೇರೆ. ಯಾವ ಪ್ರಯೋಗವಿದ್ದರೂ ಮುಂದಿನ ಸಾಲಿನಲ್ಲಿ ಅವರ ಬೋಳುತಲೆ ಮಿಂಚಲೇಬೇಕು. ಹಾಗಾಗಿ ಬಣ್ಣದಕ್ಕ ದವಾಖಾನೆಗೆ ಹೋದಳೆಂದರೆ ರೋಗದ ಮಾತು ಎರಡು, ನಾಟಕದ ಮಾತು ಇಪ್ಪತ್ತು. ಹೋದ ವಾರದ ರಾಜನ ಗಡ್ಡ ಯಾಕೆ ಅಷ್ಟು ಸೊಟ್ಟಗಿತ್ತು, ಬರುವ ನಾಟಕದಲ್ಲಿ ಮುದುಕಿ ಪಾತ್ರ ಯಾರದು. ಹೊರಗೆ ಬೆಂಚಿನ ಮೇಲೆ ಕೂತವರು ಕೆಮ್ಮಿ ಕೆಮ್ಮಿ ಸೂಚನೆ ಕೊಡಬೇಕು, ಆಮೇಲೆ ಇವರ ಮಾತು ಮುಗಿಯಬೇಕು.

ಬಣ್ಣದ ಕೋಣೆ ಇರುವುದು ಮಂದಿರದ ಮೇಲ್ಮಹಡಿಯಲ್ಲಿ. ಆಯುಷ್ಯವೆಲ್ಲ ಆ ಮೆಟ್ಟಿಲನ್ನು ಜಿಂಕೆ ಹಾಗೆ ಹತ್ತಿದವಳಿಗೆ ಒಂದು ದಿನ ನಡುವೆ ನಿಂತು ಏದುಸಿರು ಬಿಡುವ ಹಾಗಾಯಿತು. ಮೊದಮೊದಲು ಅವಳು ಮೆಟ್ಟಿಲನ್ನೇ ಬೈದಳು. ಆಮೇಲೆ ವಯಸ್ಸನ್ನು ಬೈದಳು. ಕೈಕಾಲು ಸೋಲುವುದು, ಕೂತಲ್ಲೇ ಜೊಂಪು ಹತ್ತುವುದು ಜಾಸ್ತಿಯಾದ ಮೇಲೆ ಡಾಕ್ಟರ ಹತ್ತಿರ ಹೋದಳು. ಅವರು ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟರು, ಕಣ್ಣಿನ ರೆಪ್ಪೆ ಎಳೆದು ನೋಡಲು ಕೈ ಚಾಚಿದವರು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಇಷ್ಟು ಚೆನ್ನಾಗಿ ಕಾಡಿಗೆ ಹಚ್ಚಿದ್ದೀಯಲ್ಲಕ್ಕಾ, ಕೆಡಿಸಿದರೆ ಪಾಪ ಬರುತ್ತೆ ಅಂತ ನಕ್ಕರು. ಒಂದು ಟಾನಿಕ್ಕು ಬರೆದರು. ಅದು ಮುಗಿದ ಮೇಲೆ ಇನ್ನೊಂದು ಬರೆದರು. ಕೆಲಸ ಕಮ್ಮಿ ಮಾಡು, ತಲೆಗೆ ಹಚ್ಚಿಕೊಳ್ಳಬೇಡ, ನಮ್ಮ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ ಅಂದರು. ರಕ್ತ ಪರೀಕ್ಷೆ ಅನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ, ಇವಳಿಗೆ ಕೇಳಬೇಕು ಅಂತ ಗೊತ್ತಿರಲಿಲ್ಲ.

ಈ ನಡುವೆ ಒಂದು ಸಂಗತಿ ನಡೆಯಿತು. ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಂದಿರಕ್ಕೆ ಹೊಸ ಕಡೆಯಿಂದ ಬಣ್ಣ ತರಿಸಿದ್ದರು. ಪಾಠದ ಪ್ರಕಾರ ಬಣ್ಣದಕ್ಕ ಮೊದಲು ತನ್ನ ಕೆನ್ನೆಗೆ ಹಚ್ಚಿಕೊಂಡಳು, ಅದು ಸರಿಯಾಗಿಯೇ ಕಚ್ಚಿತು. ಕೆನ್ನೆ ಉರಿದು ದದ್ದು ಎದ್ದಿತು. ಡಬ್ಬಿಯನ್ನು ವಾಪಸು ಕಳಿಸಿ, ಮುಖವನ್ನು ಚೆನ್ನಾಗಿ ತೊಳೆದುಕೊಂಡು, ಬಣ್ಣದ ಸೋಂಕೂ ಇಲ್ಲದೆ ದವಾಖಾನೆಗೆ ಹೋದಳು. ಕೆನ್ನೆಗೊಂದು ಮುಲಾಮು ಬೇಕು, ಹಾಗೇ ಈ ಏದುಸಿರಿನ ವಿಷಯವನ್ನೂ ಇನ್ನೊಂದು ಸಲ ಹೇಳೋಣ ಅಂತ. ಪರದೆ ಸರಿಸಿ ಒಳಗೆ ಹೋದಾಗ ಡಾಕ್ಟರು ತಲೆ ಎತ್ತಿದರು, ಬೆಚ್ಚಿದರು. ಆಮೇಲೆ ಹೊರಗೆ ಬೆಂಚಿನವರಿಗೂ ಕೇಳಿಸುವ ಹಾಗೆ, ಯಾರಮ್ಮ ನೀನು, ನನಗೆ ಗೊತ್ತಿರೋ ಬಣ್ಣದಕ್ಕನ್ನ ಒಳಗೆ ಕಳಿಸು ಹೋಗು ಅಂದರು. ಬೆಂಚೆಲ್ಲ ಘೊಳ್ಳೆಂದಿತು. ಅವಳೂ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ? ಅವರು ಮುಲಾಮು ಕೊಟ್ಟು, ಕೆನ್ನೆ ವಾಸಿಯಾದರೆ ಕಳೆ ತಾನಾಗಿಯೇ ಬರುತ್ತೆ, ಮುಂದಿನ ಸಲ ಮುಖ ಹಾಕಿಕೊಂಡೇ ಬಾ ಮಾರಾಯ್ತಿ, ನನ್ನ ಎದೆ ಒಡೆದುಹೋಗುತ್ತೆ ಅಂದರು. ಏದುಸಿರಿನ ಮಾತು ಆ ನಗುವಿನಲ್ಲಿ ಎಲ್ಲೋ ಬಿದ್ದುಹೋಯಿತು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ತುಂಬ ನಾಚಿಕೆಯಾಯಿತು. ಅಂದಿನಿಂದ ಅವಳು ಬಣ್ಣವಿಲ್ಲದೆ ಅವರ ಹೊಸಿಲು ತುಳಿಯಲಿಲ್ಲ.

ಎಷ್ಟೋ ತಿಂಗಳು ಕಳೆದು, ಒಂದು ಸಂಜೆ ನಾಟಕದ ಮೊದಲ ಗಂಟೆ ಹೊಡೆಯುವಾಗ, ರಾಣಿಯ ಹುಬ್ಬು ತಿದ್ದುತ್ತಿದ್ದವಳು ಕುಂಚ ಹಿಡಿದುಕೊಂಡೇ ಕುಸಿದಳು. ರಾಣಿಯ ವೇಷದವಳೇ ಅವಳನ್ನು ಎತ್ತಿ ಆಟೋಗೆ ಹಾಕಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಒಬ್ಬ ಎಳೇ ಡಾಕ್ಟರು, ಇನ್ನೂ ಮೀಸೆ ಗಟ್ಟಿಯಾಗದ ಪುಣ್ಯಾತ್ಮ, ಈ ಬಣ್ಣ ಬಳಿದ ಮುಖವನ್ನೂ ಪಕ್ಕದಲ್ಲಿ ಕಿರೀಟ ಇಟ್ಟುಕೊಂಡು ನಿಂತ ರಾಣಿಯನ್ನೂ ನೋಡಿ ಒಂದು ಕ್ಷಣ ದಂಗಾದ. ಆಮೇಲೆ ಹತ್ತಿಯಲ್ಲಿ ಕಾಡಿಗೆ ಒರೆಸಿ ರೆಪ್ಪೆ ಎಳೆದ, ಅಮ್ಮಾ ನಾಲಿಗೆ ಚಾಚಿ ಅಂದ. ನಾಲಿಗೆಗೆ ಯಾರು ಬಣ್ಣ ಹಚ್ಚುತ್ತಾರೆ? ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಗಾದೆ ಅವತ್ತು ಅಕ್ಷರಶಃ ನಿಜವಾಯಿತು. ನಾಲಿಗೆ ಸುಣ್ಣದ ಹಾಗಿತ್ತು. ಮೈಯಲ್ಲಿ ಇರಬೇಕಾದ ರಕ್ತದ ಅರ್ಧವೂ ಇಲ್ಲ. ಎಲ್ಲಿ ಸೋರಿಹೋಗುತ್ತಿದೆ ಅಂತ ಹುಡುಕಿದಾಗ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರು.

ಕೊಯ್ದು ತೆಗೆದರು. ಆದರೆ ಪಕ್ಕದ ಗ್ರಂಥಿಗಳಿಗೂ ಅದು ಹಬ್ಬಿತ್ತು. ಮೊದಲ ಸಲ ಸುಸ್ತು ಅಂದಾಗಲೇ ರಕ್ತ ನೋಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ, ಆಪರೇಷನ್ನಿನಲ್ಲೇ ಮುಗಿಯುತ್ತಿತ್ತು ಅಂತ ದೊಡ್ಡಾಸ್ಪತ್ರೆಯವರು ತಗ್ಗಿದ ದನಿಯಲ್ಲಿ ಹೇಳಿದರು. ಈಗ ತಿಂಗಳುಗಟ್ಟಲೆ ಕಿಮೋ ಏರಿಸಬೇಕು, ಆಮೇಲೂ ಖಾತ್ರಿ ಹೇಳುವ ಹಾಗಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಾದೆ ಮಾಡಿದವರು ಪುಣ್ಯವಂತರು, ಗಾದೆಯಲ್ಲಿ ಬರೀ ಒಲೆ ಉರಿದು ಮುಗಿಯುತ್ತೆ.

ಮಗಳು ಶಾಲೆಯಲ್ಲಿ ಟೀಚರು, ಸಿಟ್ಟು ಮೂಗಿನ ತುದಿಯಲ್ಲಿ. ಅವಳು ನೇರ ದವಾಖಾನೆಗೆ ಹೋಗಿ ಡಾಕ್ಟರನ್ನು ಕೇಳಿದಳು, ನಮ್ಮಮ್ಮನಿಗೆ ಯಾಕೆ ಹೀಗೆ ಮಾಡಿದ್ರಿ ಅಂತ. ಅವರು ತಪ್ಪಾಯಿತು ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮನುಷ್ಯ ಹೆದರಿದರು. ಹೆದರಿದವರ ಬಾಯಲ್ಲಿ ಬರಬಾರದ ಮಾತೇ ಬರುತ್ತದೆ. ಅಷ್ಟು ದಪ್ಪ ಬಣ್ಣ ಬಳಿದುಕೊಂಡು ಬಂದರೆ ಬ್ರಹ್ಮನಿಗೂ ಗೊತ್ತಾಗಲ್ಲಮ್ಮಾ, ನಾನೇನು ಮಾಡಲಿ ಅಂದುಬಿಟ್ಟರು. ಮಗಳು ಉರಿದುಕೊಂಡು ಮನೆಗೆ ಬಂದು ಆ ಮಾತನ್ನು ಹಾಗೆಯೇ ಒಪ್ಪಿಸಿದಳು, ಅಮ್ಮನಿಗೂ ಸಿಟ್ಟು ಬರಲಿ ಅಂತ. ಅಮ್ಮನಿಗೆ ಸಿಟ್ಟು ಬರಲಿಲ್ಲ. ಅವಳು ಎದ್ದು ಕನ್ನಡಿಯ ಮುಂದೆ ಹೋಗಿ ಕೂತಳು.

ಅವಳ ಎದೆಗೆ ಮುಳ್ಳು ಹೊಕ್ಕಿದ್ದು ಅಲ್ಲಿ. ಹಾಗಾದರೆ ಇದನ್ನೆಲ್ಲ ತಂದುಕೊಂಡವಳು ನಾನೇನಾ? ಮಂದಿಗೆಲ್ಲ ಕಳೆ ಕೊಟ್ಟ ಬಣ್ಣ ನನ್ನನ್ನೇ ತಿಂದಿತಾ? ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿದ್ದ ಹಾಗಾಯಿತಲ್ಲ ನನ್ನ ಬಾಳು. ಯಜಮಾನರು ಹೀಗೆಲ್ಲ ಯೋಚನೆ ಮಾಡಬೇಡ ಅಂದರು. ಮಗಳು ಕೇಸು ಹಾಕೋಣ ಅಂದಳು. ಬಣ್ಣದಕ್ಕ ಬಹಳ ದಿನ ಬೇಡವೆಂದು, ಕೊನೆಗೆ ಹೂಂ ಅಂದಳು. ಪರಿಹಾರ ಬರಲಿ ಬಿಡಲಿ ಅದರ ಗೊಡವೆ ಅವಳಿಗಿರಲಿಲ್ಲ. ಮೇಲೆ ಕೂತವರು ಯಾರಾದರೂ ಎರಡೂ ಕಡೆ ಕೇಳಿ, ಬಣ್ಣದ ತಪ್ಪೋ ಡಾಕ್ಟರ ತಪ್ಪೋ ಅಂತ ಒಂದು ಮಾತು ಹೇಳಲಿ, ಅದನ್ನು ಕಿವಿಯಾರೆ ಕೇಳಿಕೊಂಡು ಆಮೇಲೆ ಏನು ಬಂದರೂ ಬರಲಿ ಅಂತ ಅವಳ ಆಸೆ.

ಬಣ್ಣವಿಲ್ಲದೆ ಹೋದ ಆ ದಿನದ ಸಂಗತಿಯನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಮಗಳಿಗೂ ಇಲ್ಲ, ತಮ್ಮ ಕಡೆಯ ವಕೀಲಮ್ಮನಿಗೂ ಇಲ್ಲ. ಹೇಳಿದರೆ ಕೇಸು ಅಲ್ಲಿಗೇ ಗೆದ್ದಂತೆ, ಅಷ್ಟು ತಿಳಿಯದ ದಡ್ಡಿಯಲ್ಲ ಅವಳು. ಆದರೆ ಮಗಳನ್ನು ಉಳಿಸಿಕೊಟ್ಟ ಮನುಷ್ಯ, ಸಲಿಗೆಯಿಂದ ಆಡಿದ ಒಂದು ತಮಾಷೆ. ಅದನ್ನು ನಾಲ್ಕು ಜನರ ಮುಂದೆ ಎತ್ತಿ ಆಡಿ ಮುದುಕರ ಮಾನ ತೆಗೆಯುವುದು ಹೇಗೆ? ನಾಲಿಗೆ ಏಳುತ್ತಿರಲಿಲ್ಲ. ಹೇಳದಿದ್ದರೆ ತಪ್ಪು ಬಣ್ಣದ ತಲೆಗೆ ಬರುತ್ತೆ, ಬಣ್ಣದ ತಲೆ ಅಂದರೆ ತನ್ನ ತಲೆ. ಈ ಸಂಕಟವನ್ನು ನುಂಗಿಕೊಂಡೇ ಅವಳು ಕೋರ್ಟಿಗೆ ಓಡಾಡಿದಳು.

ಮೊದಲ ವಿಚಾರಣೆಗಳಿಗೆ ಅವಳು ಹೋದದ್ದು ಹೇಗೆ ಅಂತೀರಿ? ಪೂರ್ತಿ ಬಣ್ಣದಲ್ಲಿ. ವಕೀಲಮ್ಮ ಸದಾ ಬಾಯಲ್ಲಿ ಲವಂಗ ಇಟ್ಟುಕೊಂಡಿರುವ ಹೆಂಗಸು. ಅವರು ಲವಂಗವನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿ, ಸ್ವಲ್ಪ ರೋಗಿಯ ಹಾಗೆ ಬನ್ನಿ ಅಂತ ಕೈ ಮುಗಿದರು. ರೋಗಿಯ ವೇಷ ಹಾಕಬೇಕಾ, ನಾಟಕ ನನಗೆ ಮಂದಿರದಲ್ಲೇ ಸಾಕು ಅಂದಳು ಬಣ್ಣದಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಡಾಕ್ಟರ ಕಡೆಯ ವಕೀಲ ಸಿಕ್ಕಿದ್ದೇ ಸೀರುಂಡೆ ಅಂತ ಅವಳತ್ತ ಕೈ ತೋರಿಸಿದ. ನೋಡಿ ಮೇಡಂ, ಇವತ್ತೂ ಇವರ ಮುಖದಲ್ಲಿ ರೋಗ ಕಾಣುತ್ತಾ? ಕಣ್ಣು, ತುಟಿ, ಉಗುರು, ರಕ್ತ ಕಮ್ಮಿಯಾದದ್ದು ಕಾಣುವ ಎಲ್ಲ ಜಾಗಕ್ಕೂ ಬಣ್ಣ. ನನ್ನ ಕಕ್ಷಿದಾರರು ಇವರನ್ನು ಬಣ್ಣವಿಲ್ಲದೆ ಒಂದು ಸಲವೂ ನೋಡಿಲ್ಲ ಅಂತ ವಾದಿಸಿದ. ನಾಲಿಗೆಗೂ ಬಣ್ಣ ಇತ್ತಾ ಅಂತ ವಕೀಲಮ್ಮ ಕೇಳಿದ್ದಕ್ಕೆ ಕೋರ್ಟಿನಲ್ಲಿ ನಗು ಎದ್ದಿತು, ನಿಜ. ಆದರೆ ಬಣ್ಣದಕ್ಕನಿಗೆ ಕೇಳಿಸಿದ್ದು ಅವನ ಮಾತೇ. ಡಾಕ್ಟರು ತಲೆ ತಗ್ಗಿಸಿ ಕೂತಿದ್ದರು. ಅವರು ಆ ದಿನವನ್ನು ಮರೆತಿದ್ದಾರೋ, ಮರೆತ ಹಾಗೆ ಇದ್ದಾರೋ, ಅವಳಿಗೆ ತಿಳಿಯಲಿಲ್ಲ. ಎಲ್ಲ ಮುಖ ಓದಿದವಳಿಗೆ ತಗ್ಗಿಸಿದ ಮುಖ ಓದಲು ಬರಲಿಲ್ಲ.

ಡಾಕ್ಟರ ಹೇಳಿಕೆಯ ದಿನ ಬಂತು. ಅದಾದ ಮೇಲೆ ಬಣ್ಣದಕ್ಕನ ಸರದಿ.

ಅಷ್ಟರಲ್ಲಿ ಕಿಮೋದಿಂದ ಅವಳ ಬೆರಳ ತುದಿಗಳು ಮರಗಟ್ಟಿದ್ದವು. ಲೋಟ ಹಿಡಿದರೆ ಲೋಟ ಕೈಯಲ್ಲಿದೆಯೋ ಇಲ್ಲವೋ ಕಣ್ಣಿನಿಂದ ನೋಡಿ ತಿಳಿಯಬೇಕು. ಹುಬ್ಬಿನ ಕೂದಲೂ ಉದುರಿದ್ದವು. ಆ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಹುಬ್ಬಿನ ಕಡ್ಡಿ ಹಿಡಿಯಲು ಹೋದಳು, ಅದು ಜಾರಿ ಬಿತ್ತು. ಹೆಕ್ಕಿಕೊಂಡಳು, ಮತ್ತೆ ಬಿತ್ತು. ಸಾವಿರ ಮುಖ ತಿದ್ದಿದ ಕೈ ತನ್ನದೊಂದು ಮುಖಕ್ಕೆ ಬರಲಿಲ್ಲ. ಮಗಳು ವಕೀಲಮ್ಮನ ಜೊತೆ ಮೊದಲೇ ಕೋರ್ಟಿಗೆ ಹೋಗಿದ್ದಳು. ಬಾಗಿಲಲ್ಲಿ ನಿಂತಿದ್ದ ಯಜಮಾನರು ನೋಡುವಷ್ಟು ನೋಡಿ, ಒಳಗೆ ಬಂದು, ಕಡ್ಡಿಯನ್ನು ಎತ್ತಿಕೊಂಡು ಅವಳ ಎದುರು ಸ್ಟೂಲು ಹಾಕಿ ಕೂತರು.

ಅಯ್ಯೋ, ಆ ದೃಶ್ಯ ನೀವು ನೋಡಬೇಕಿತ್ತು. ಎಷ್ಟು ದೊಡ್ಡ ಬಸ್ಸನ್ನಾದರೂ ಸಂದಿಯಲ್ಲಿ ತೂರಿಸುವ ಕೈ ಒಂದು ಹುಬ್ಬಿಗೆ ದಾರಿ ಸಿಗದೆ ತಡಕಾಡುತ್ತಿತ್ತು. ನಾಲಿಗೆ ಹೊರಗೆ ಹಾಕಿ, ಉಸಿರು ಬಿಗಿಹಿಡಿದು, ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುವ ಹಾಗೆ ಮೈಯೆಲ್ಲ ವಾಲಿಸಿ ಬರೆದರು. ಎಡದ ಹುಬ್ಬು ಒಂದು ಕಡೆ, ಬಲದ ಹುಬ್ಬು ಹಣೆಯ ನಡುವಿಗೆ ಏರಿತ್ತು. ಕೆನ್ನೆಗೆ ಹಚ್ಚಿದ ಕೆಂಪು ಯಾರೋ ಕಪಾಳಕ್ಕೆ ಹೊಡೆದ ಹಾಗಿತ್ತು. ಬಣ್ಣದಕ್ಕ ಕನ್ನಡಿ ನೋಡಿದಳು. ಹೊಟ್ಟೆಯ ಹೊಲಿಗೆ ನೋಯುವಷ್ಟು ನಕ್ಕಳು. ಅವರೂ ನಕ್ಕರು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು, ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಅವರು ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೂತರು. ಅಂಗಿಯ ಮೇಲೆಲ್ಲ ಬಣ್ಣವಾಯಿತು.

ಅವಳು ಎದ್ದು ಬಚ್ಚಲಿಗೆ ಹೋಗಿ ಮುಖವನ್ನು ಪೂರ್ತಿ ತೊಳೆದು ಬಂದಳು. ಟವಲ್ಲಿನಲ್ಲಿ ಒರೆಸಿಕೊಂಡು ಚಪ್ಪಲಿ ಹುಡುಕಿದಳು. ಹೀಗೇ ಬರ್ತೀಯಾ ಅಂತ ಯಜಮಾನರು ಕೇಳಿದರು.

"ಹೀಗೇ ಬರ್ತೀನಿ. ಈ ಮುಖಾನ ಅವರು ಒಂದು ಸಲ ನೋಡಿದ್ದಾರೆ, ಇನ್ನೊಂದು ಸಲ ನೋಡ್ಲಿ."

ಯಜಮಾನರ ಮುಖ ನೋಡಿ, ಇನ್ನು ಬಚ್ಚಿಟ್ಟು ಸಾರ್ಥಕವಿಲ್ಲ ಅಂತ ಅಲ್ಲೇ ನಿಂತುಕೊಂಡು ಮುಲಾಮಿನ ದಿನದ ಕಥೆಯನ್ನೆಲ್ಲ ಹೇಳಿದಳು. ಆ ಮನುಷ್ಯನಿಗೆ ಸಿಟ್ಟು ಬಂದದ್ದನ್ನು ಅವಳು ನೋಡಿದ್ದೇ ಕಮ್ಮಿ. ಅವತ್ತು ಬಂತು. ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ, ರಾತ್ರಿಯೆಲ್ಲ ನಂದೇ ತಪ್ಪು ನಂದೇ ತಪ್ಪು ಅಂತ ಹೊರಳಾಡಿದ್ದು ಇದಕ್ಕಾ ಅಂತ ಕೇಳಿದರು. ಅವಳು ಸೆರಗು ಸರಿಮಾಡಿಕೊಂಡಳು.

"ಮಗೂನ ಉಳಿಸಿದೋರು ರೀ. ಮೊದಲು ಅವರಿಗೇ ಬಿಡ್ತೀನಿ. ಅವರಾಗೇ ಹೇಳಿದ್ರೆ ಸರಿ. ಇಲ್ಲ ಅಂದ್ರೆ ಇವತ್ತು ನಾನು ಹೇಳ್ತೀನಿ, ಬಿಡಲ್ಲ. ನನ್ನ ಬಣ್ಣದ ಮೇಲೆ ತಪ್ಪು ಹೊರಿಸಿಕೊಂಡು ನಾನು ಸಾಯಲ್ಲ."

ಕೋರ್ಟಿನ ಬಾಗಿಲಲ್ಲಿ ಮಗಳೇ ಗುರುತು ಸಿಗದೆ ಅವಳನ್ನು ದಾಟಿಕೊಂಡು ಹೋದಳು. ವಕೀಲಮ್ಮನ ಲವಂಗ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು. ಬಣ್ಣದಕ್ಕ ಯಾರ ಕಡೆಯೂ ನೋಡದೆ ಮುಂದಿನ ಬೆಂಚಿನ ತುದಿಯಲ್ಲಿ, ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುವ ಜಾಗದಲ್ಲಿ ಕೂತಳು. ಯಾವ ಬೆಳಕಿಗೆ ಯಾವ ಮುಖ ಹೇಗೆ ಕಾಣುತ್ತೆ ಅಂತ ಅವಳಿಗೆ ಹೇಳಿಕೊಡಬೇಕಾ? ಆದರೂ ಇಷ್ಟು ಜನರ ಮುಂದೆ ಬರೀ ಮುಖದಲ್ಲಿ ಕೂರುವುದಕ್ಕಿಂತ ಆಪರೇಷನ್ನೇ ಸಲೀಸಾಗಿತ್ತು ಅನ್ನಿಸಿತು.

ಡಾಕ್ಟರು ಕಟಕಟೆಗೆ ಬಂದರು. ಅವರ ವಕೀಲ ಒಂದೊಂದಾಗಿ ಕೇಳುತ್ತಾ ಹೋದ, ಅವರು ನೆಲ ನೋಡಿಕೊಂಡು ಉತ್ತರ ಕೊಡುತ್ತಾ ಹೋದರು. ಟಾನಿಕ್ಕು ಕೊಟ್ಟಿದ್ದು ಹೌದು, ವಿಶ್ರಾಂತಿ ಹೇಳಿದ್ದು ಹೌದು. ಕೊನೆಗೆ ವಕೀಲ, ಬೀಗ ಹಾಕಿ ಕೀಲಿಕೈ ಜೇಬಿಗಿಳಿಸುವವನ ಹಾಗೆ, ಮೊದಲೇ ಬರೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ. ಈ ಹೆಂಗಸನ್ನು ನೀವು ಯಾವತ್ತಾದರೂ ಬಣ್ಣವಿಲ್ಲದೆ ನೋಡಿದ್ದುಂಟಾ?

ಇಲ್ಲ ಅನ್ನಲು ಡಾಕ್ಟರು ಬಾಯಿ ತೆರೆದರು. ಪ್ರಶ್ನೆಯಲ್ಲಿ ಈ ಹೆಂಗಸು ಅಂತ ಇತ್ತಲ್ಲ, ಅದಕ್ಕೋ ಏನೋ, ತಲೆ ಎತ್ತಿ ಬೆಂಚಿನ ಕಡೆ ನೋಡಿದರು. ಮೊದಲು ಅವಳನ್ನು ಹುಡುಕಿದರು. ಆಮೇಲೆ ಕಿಟಕಿಯ ಬೆಳಕಿನಲ್ಲಿದ್ದ ಆ ಬಿಳಿಚಿದ ಮುಖದ ಮೇಲೆ ಅವರ ಕಣ್ಣು ನಿಂತಿತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬಣ್ಣದಕ್ಕ ಕಣ್ಣು ಕೀಳಲಿಲ್ಲ. ಪಕ್ಕದಲ್ಲಿ ಯಜಮಾನರು ಅವಳ ಮರಗಟ್ಟಿದ ಬೆರಳುಗಳನ್ನು ಹಿಡಿದುಕೊಂಡಿದ್ದರು, ಅದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ನೋಡಿದ್ದೀನಿ," ಅಂದರು ಡಾಕ್ಟರು.

ವಕೀಲ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನುವ ಹಾಗೆ ಪ್ರಶ್ನೆಯನ್ನು ಮತ್ತೆ ಕೇಳಿದ. ಮುದುಕರು ಅವನ ಕಡೆ ತಿರುಗಲಿಲ್ಲ. ಅವಳನ್ನು ನೋಡುತ್ತಲೇ ಹೇಳಿದರು.

"ನೋಡಿದ್ದೀನಿ ಅಂದೆನಲ್ಲಪ್ಪಾ. ಕೆನ್ನೆಗೆ ದದ್ದು ಎದ್ದಿತ್ತು ಅಂತ ಮುಖ ತೊಳಕೊಂಡು ಬಂದಿದ್ಳು. ಇದೇ ಮುಖ, ಹೀಗೇ ಬಿಳಿಚಿಕೊಂಡಿತ್ತು. ಡಾಕ್ಟರಾದವನು ಅಲ್ಲೇ ರಕ್ತ ನೋಡಬೇಕಾಗಿತ್ತು. ನಾನು ತಮಾಷೆ ಮಾಡಿ ಕಳಿಸ್ದೆ. ಮುಂದಿನ ಸಲ ಮುಖ ಹಾಕ್ಕೊಂಡು ಬಾ ಅಂದೆ. ಆಮೇಲೆ ಮರೆತೇಬಿಟ್ಟೆ, ದೇವರಾಣೆ, ಈಗ ನೋಡಿದ ಮೇಲೇ ನೆನಪಾಗಿದ್ದು. ಬಣ್ಣದ ತಪ್ಪಲ್ಲ ಇದು. ತಪ್ಪು ನಂದು."

ಮೇಲೆ ಕೂತಿದ್ದ ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿದರು. ಬಣ್ಣದಕ್ಕ ಅತ್ತಳು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಕಾಡಿಗೆ ಕೆಡುತ್ತೆ ಅನ್ನುವ ಯೋಚನೆಯಿಲ್ಲದೆ, ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡು, ಮಕ್ಕಳ ಹಾಗೆ ಅತ್ತಳು. ಅವಳನ್ನು ಕಟಕಟೆಗೆ ಕರೆದಾಗ, ಅವರು ಹೇಳಿದ್ದೆಲ್ಲ ನಿಜ, ನನ್ನದು ಇನ್ನೇನೂ ಇಲ್ಲ ಅಂತ ಹೇಳಿ ಇಳಿದು ಬಂದಳು.

ಕೇಸು ಯಾರ ಕಡೆಗಾಯಿತು ಅಂತ ಬೇರೆ ಹೇಳಬೇಕಾಗಿಲ್ಲ. ತೀರ್ಪು ಬರಲು ತಡವಾಯಿತು, ಬಂದಾಗ ಅವಳು ಅದನ್ನು ಪೂರ್ತಿ ಓದಿಸಿಕೊಳ್ಳಲೂ ಇಲ್ಲ. ಕಿಮೋ ಮುಗಿದಿದೆ, ತಪಾಸಣೆ ನಡೆಯುತ್ತಿದೆ, ಇಲ್ಲಿಯವರೆಗೂ ಒಳ್ಳೆಯ ಸುದ್ದಿಯೇ. ಬೆರಳುಗಳು ಪೂರ್ತಿ ಸರಿಹೋಗಿಲ್ಲ. ರಾಣಿಯ ವೇಷದವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಬಾಯಲ್ಲಿ ಹೇಳಿ ಹೇಳಿ ಬಣ್ಣ ಹಚ್ಚಿಸುತ್ತಾಳೆ, ತಪ್ಪಿದರೆ ಬೈಯುತ್ತಾಳೆ. ಹೊಸ ಡಬ್ಬಿ ಬಂದರೆ ಇವತ್ತಿಗೂ ಮೊದಲು ಅವಳ ಕೆನ್ನೆಗೇ.

ಆದರೆ ನನಗೆ ಹೇಳಬೇಕಾಗಿರುವುದು ಆವತ್ತು ಕೋರ್ಟಿನ ಹೊರಗಿನ ಮೊಗಸಾಲೆಯಲ್ಲಿ ನಡೆದದ್ದು. ಡಾಕ್ಟರು ಗೋಡೆಗೆ ಒರಗಿ ಒಬ್ಬರೇ ನಿಂತಿದ್ದರು. ಅವರ ವಕೀಲ ಸಿಟ್ಟಿನಿಂದ ಮುಂದೆ ಹೋಗಿಯಾಗಿತ್ತು. ಮಗಳು ಬೇಡಮ್ಮಾ ಅಂತ ತೋಳು ಹಿಡಿದರೂ ಬಣ್ಣದಕ್ಕ ಬಿಡಿಸಿಕೊಂಡು ಅವರ ಹತ್ತಿರ ಹೋದಳು. ಅವರು ಕೈ ಮುಗಿಯಲು ಹೋದರು. ಅವಳು ಆ ಕೈಗಳನ್ನು ಕೆಳಗಿಳಿಸಿದಳು. ಆಮೇಲೆ, ಬಣ್ಣದ ಕೋಣೆಯಲ್ಲಿ ಪಾತ್ರಧಾರಿಗಳನ್ನು ನೋಡುವ ಹಾಗೆ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಅವರ ಮುಖ ನೋಡಿದಳು. ಮುದುಕರು ಸೊರಗಿಹೋಗಿದ್ದರು, ಮುಖದಲ್ಲಿ ರಕ್ತದ ಸುಳಿವಿರಲಿಲ್ಲ.

"ನೀವೂ ಬಿಳಿಚಿಕೊಂಡಿದ್ದೀರಲ್ಲ ಡಾಕ್ಟ್ರೇ. ಯಾರಿಗಾದ್ರೂ ತೋರಿಸ್ಕೊಂಡ್ರಾ? ತಮಾಷೆ ಮಾಡೋರ ಹತ್ರ ಹೋಗ್ಬೇಡಿ ಮತ್ತೆ. ಎಲ್ಲಿ, ನಾಲಿಗೆ ಚಾಚಿ."

ಅಷ್ಟು ವಯಸ್ಸಾದ ಮನುಷ್ಯ, ವಕೀಲರೂ ಕಕ್ಷಿದಾರರೂ ಗುಮಾಸ್ತರೂ ಓಡಾಡುವ ಜಾಗದಲ್ಲಿ, ಶಾಲೆಯ ಹುಡುಗನ ಹಾಗೆ ಬಾಯಿ ತೆರೆದು ನಾಲಿಗೆ ಚಾಚಿ ನಿಂತರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಇಡೀ ವರ್ಷ ನಗದಿದ್ದ ಮಗಳು ಹಿಂದೆ ನಿಂತು ಕಿಸಕ್ಕೆಂದಳು. ಬಣ್ಣದಕ್ಕ ನಗಲಿಲ್ಲ. ಅವರ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿಕೊಂಡು, ಆತುರಪಡದೆ ಸರಿಯಾಗಿ ನೋಡಿದಳು.